ತರುಣರ ಹಠಾನ್ಮರಣವೂ ಸಮೀಪಸ್ಥರ ಕರ್ತವ್ಯವೂ

(ಶ್ರೀಮಠದ ಮಹೋತ್ಸವ ನಿಮಿತ್ತವಾಗಿ ಜರುಗಿದ ಶಿವಾನುಭವಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಮಹೋತ್ಸವದ ಮಂಗಲ ಪ್ರಸಂಗದಲ್ಲಿ ಮರಣದ ಮಾತು ಏತಕ್ಕೆಂದು ಕೆಲವರು ಹುಬ್ಬುಗಂಟಿಕ್ಕಬಹುದು. ಆದರೆ ಲಿಂಗವಂತ ಧರ್ಮದಲ್ಲಿ ಮರಣವು ಅಮಂಗಲವೆಂದು ಎಣಿಸಲ್ಪಟ್ಟಿಲ್ಲ. ಶರಣರು ಅದನ್ನು ಹಬ್ಬವೆಂದೇ ಬಗೆದವರು. ಲಿಂಗೈಕ್ಯವೆಂಬ ಪದವೇ ಅದಕ್ಕೆ ಸಾಕ್ಷಿಯಾಗಿರುವದು. ಹಾಗಿದ್ದ ಮೇಲೆ ಮರಣದ ವಿಚಾರಕ್ಕೆ ಮಠದ ಅಂಗಳಕ್ಕಿಂತ ತಕ್ಕ ಸ್ಥಳವು ಮತ್ತೊಂದಿರಲಾರದು. ಇಲ್ಲಿ ಹೇಳತಕ್ಕದ್ದಾದರೂ ತುಂಬಿ ಬಾಳಿ ಹಣ್ಣಾದ ಜೀವಿಗಳ ಮರಣವನ್ನು ಕುರಿತಲ್ಲ. ಮುಂಜಾನೆ ಹೊಲಕ್ಕೆ ಹೋದ ಮಗನು ಮಧ್ಯಾಹ್ನಕ್ಕೆ ಹೆಣವಾಗಿ ಬರುವ, ರಾತ್ರಿ ಉಂಡು ಮಲಗಿದ ತರುಣನು ಬೆಳಗಾದರೆ ಏಳದಿರುವ, ಆ ಅಕಾಲದ ಮರಣವನ್ನು ಕುರಿತದ್ದು.

ಇಂಥ ಮನೆಗೆ ಹೋದವರು ಆಡುವ ಮಾತುಗಳು ಎರಡೇ ಬಗೆಯವು. “ಪುಣ್ಯವಂತ, ಒಂದು ದಿನವೂ ನರಳಲಿಲ್ಲ” ಎನ್ನುವವರು ಕೆಲವರು. “ಏನು ಪಾಪ ಮಾಡಿದ್ದರೋ” ಎಂದು ಮೆಲ್ಲನೆ ಪಿಸುಗುಟ್ಟುವವರು ಕೆಲವರು. ಎಪ್ಪತ್ತೆಂಬತ್ತು ವರ್ಷ ಬಾಳಿದವರಿಗೆ ಅನಾಯಾಸ ಮರಣವು ಭಾಗ್ಯವೇ ಸರಿ. ಮೂವತ್ತು ವರ್ಷದವನ ತಾಯಿಯ ಮುಂದೆ ಆ ಮಾತನ್ನಾಡುವದು ಸಮಾಧಾನವಲ್ಲ, ಕ್ರೌರ್ಯ. ಇನ್ನು ಪಾಪದ ಮಾತಂತೂ ಶರಣಧರ್ಮಕ್ಕೆ ತೀರ ಹೊರಗಿನದು. ಪುಣ್ಯಪಾಪಗಳ ಈ ಎರಡು ಮಾತುಗಳ ನಡುವೆ, ಬಿದ್ದ ತರುಣನ ಸುತ್ತಲೂ ನಿಂತಿದ್ದವರು ಏನು ಮಾಡಿದರೆಂಬ ಪ್ರಶ್ನೆಯನ್ನು ಯಾರೂ ಎತ್ತುವದೇ ಇಲ್ಲ.

ಮೊದಲಿಗೆ ಎರಡು ಶಬ್ದಗಳ ಅರ್ಥವನ್ನು ಬೇರ್ಪಡಿಸುವದು ಅವಶ್ಯವಾಗಿದೆ. ಹೃದಯಾಘಾತವೆಂಬುದು ಬೇರೆ, ಹೃದಯಸ್ತಂಭನವೆಂಬುದು ಬೇರೆ. ವೃತ್ತಪತ್ರಿಕೆಗಳು ಇವೆರಡನ್ನೂ ಒಂದೇ ಹೆಸರಿನಿಂದ ಕರೆಯುತ್ತ ಬಂದುದರಿಂದ ಜನರಲ್ಲಿ ಬಹಳ ಗೊಂದಲವುಂಟಾಗಿರುವದು. ಬಾವಿಗೆ ಕೂಡಿಸಿದ ವಿದ್ಯುತ್ ಪಂಪಿನ ದೃಷ್ಟಾಂತವನ್ನು ತೆಗೆದುಕೊಳ್ಳಬಹುದು. ಪಂಪಿಗೆ ತೈಲ ಬರುವ ಸಣ್ಣ ನಳಿಗೆಯಲ್ಲಿ ಕಸ ಸಿಕ್ಕಿ, ಒಂದು ಭಾಗವು ಕಾದು ಸವೆಯತೊಡಗಿದರೆ ಅದು ಹೃದಯಾಘಾತ. ಹೃದಯದ ಮಾಂಸಕ್ಕೆ ರಕ್ತವನ್ನೊಯ್ಯುವ ನಾಳವು ಕಟ್ಟಿಕೊಳ್ಳುವದೇ ಅದರ ಸ್ವರೂಪ. ಆಗ ಎದೆನೋವು, ಬೆವರು, ಎಡದೋಳಿನ ಸೆಳೆತ ಮೊದಲಾದ ಲಕ್ಷಣಗಳು ತೋರುವವು, ರೋಗಿಗೆ ಎಚ್ಚರವಿರುವದು, ಆಸ್ಪತ್ರೆಗೆ ಹೋಗಲು ಅವಕಾಶವಿರುವದು. ಸ್ತಂಭನವಾದರೋ ಪಂಪಿನ ವಿದ್ಯುತ್ತೇ ಕೆಟ್ಟುಹೋದಂತೆ. ಹೃದಯದೊಳಗೆ ಸ್ವಾಭಾವಿಕವಾದ ಒಂದು ವಿದ್ಯುದ್ವ್ಯವಸ್ಥೆಯಿದ್ದು, ಅದರ ಅಪ್ಪಣೆಯಂತೆ ಮಾಂಸತಂತುಗಳೆಲ್ಲ ಏಕಕಾಲಕ್ಕೆ ಕುಗ್ಗಿ ಹಿಗ್ಗುವವು. ಆ ವ್ಯವಸ್ಥೆಯು ಅಸ್ತವ್ಯಸ್ತವಾದರೆ ಒಂದೊಂದು ತಂತುವೂ ತನ್ನ ಇಚ್ಛೆಯಂತೆ ಅದುರತೊಡಗುವದು. ಹೃದಯವು ಹುಳುಗಳ ಗಂಟಿನಂತೆ ನಡುಗುವದೇ ಹೊರತು ಒಂದು ಹನಿ ರಕ್ತವನ್ನೂ ಹೊರಗೆ ತಳ್ಳುವದಿಲ್ಲ. ಹತ್ತು ಹದಿನೈದು ಸೆಕೆಂಡುಗಳಲ್ಲಿ ಮನುಷ್ಯನು ಎಚ್ಚರ ತಪ್ಪಿ ಕುಸಿಯುವನು. ಹೃದಯಾಘಾತವು ಮುಂದುವರಿದು ಸ್ತಂಭನವಾಗಬಹುದು. ಆದರೆ ಆಘಾತವಿಲ್ಲದೆಯೂ ಸ್ತಂಭನವಾಗಬಹುದು. ಮೂವತ್ತೈದು ದಾಟಿದವರಲ್ಲಿ ರಕ್ತನಾಳಗಳ ರೋಗವೇ ಹೆಚ್ಚಿನ ಪಾಲು ಕಾರಣವಾದರೆ, ಅದಕ್ಕಿಂತ ಚಿಕ್ಕವರಲ್ಲಿ ಹುಟ್ಟಿನೊಡನೆ ಬಂದ ಹೃದಯದೋಷಗಳಿಗೆ ಪ್ರಾಧಾನ್ಯವುಂಟು.

ಪ್ರಾಚೀನರು ಈ ಅಂಗದ ಸೂಕ್ಷ್ಮತೆಯನ್ನು ಅರಿಯದವರಲ್ಲ. ಸುಶ್ರುತಾಚಾರ್ಯನು ದೇಹದಲ್ಲಿ ೧೦೭ ಮರ್ಮಸ್ಥಾನಗಳನ್ನು ಎಣಿಸಿ, ಅವುಗಳಲ್ಲಿ ೧೯ನ್ನು ಸದ್ಯಃಪ್ರಾಣಹರಗಳೆಂದು ಬೇರ್ಪಡಿಸಿರುವನು. ಹೃದಯವು ಅವುಗಳಲ್ಲೊಂದು. ಎದೆಯ ಮೇಲೆ ಬಿದ್ದ ಪೆಟ್ಟು ಒಳಗೆ ಯಾವ ಗಾಯವನ್ನೂ ಮಾಡದೆ ಪ್ರಾಣವನ್ನು ಕೊಂಡೊಯ್ಯುವದೆಂಬುದು ಬಹುಕಾಲ ಕಟ್ಟುಕತೆಯೆಂದು ತೋರುತ್ತಿತ್ತು. ೨೦೨೩ನೆಯ ಇಸವಿಯ ಜನವರಿ ೨ರಂದು ಅಮೇರಿಕೆಯ ಸಿನ್ಸಿನಾಟಿ ನಗರದಲ್ಲಿ ಡಮಾರ್ ಹ್ಯಾಮ್ಲಿನ್ ಎಂಬ ೨೪ ವರ್ಷದ ಆಟಗಾರನು ಎದುರಾಳಿಯೊಡನೆ ಡಿಕ್ಕಿ ಹೊಡೆದು, ಎದ್ದು ನಿಂತು, ಮರುಕ್ಷಣವೇ ಹಿಂದಕ್ಕೆ ಉರುಳಿದುದನ್ನು ಕೋಟ್ಯವಧಿ ಜನರು ದೂರದರ್ಶನದಲ್ಲಿ ಕಂಡರು. ಹೃದಯದ ಒಂದೊಂದು ಬಡಿತದಲ್ಲಿಯೂ ಸೆಕೆಂಡಿನ ಐವತ್ತನೆಯ ಒಂದಂಶದಷ್ಟು ಕಿರಿದಾದ ಒಂದು ದುರ್ಬಲ ಕ್ಷಣವಿರುವದು. ಪೆಟ್ಟು ಸರಿಯಾಗಿ ಆ ಕ್ಷಣಕ್ಕೇ ಬಿದ್ದರೆ ವಿದ್ಯುದ್ವ್ಯವಸ್ಥೆಯು ಕೆಡುವದು. ಹ್ಯಾಮ್ಲಿನ್‌ನಿಗೆ ಆದುದು ಅದೇ ಎಂದು ವೈದ್ಯರು ಅನಂತರ ನಿರ್ಣಯಿಸಿದರು. ಮೈದಾನದಲ್ಲಿಯೇ ಅವನ ಎದೆಯನ್ನೊತ್ತಿ, ಯಂತ್ರದಿಂದ ವಿದ್ಯುತ್ ಕೊಟ್ಟು ಬದುಕಿಸಲಾಯಿತು. ಅವನು ಅದೇ ವರ್ಷ ಪುನಃ ಆಟಕ್ಕಿಳಿದನು. ಗರಡಿಯ ಮನೆಗಳಲ್ಲಿ, ಹಗ್ಗಜಗ್ಗಾಟ ಕಬಡ್ಡಿಗಳ ಕಣಗಳಲ್ಲಿ ಎದೆಗೆ ಗುದ್ದು ತಿಂದು ಸತ್ತವರ ವಿಷಯವಾಗಿ ಹಿರಿಯರು ಹೇಳುತ್ತಿದ್ದ ಮಾತುಗಳನ್ನು ಇನ್ನು ಮೇಲೆ ಅಲ್ಲಗಳೆಯುವ ಹಾಗಿಲ್ಲ.

ಆದರೂ ಪೆಟ್ಟಿನಿಂದ ಆಗುವ ಸ್ತಂಭನವು ಅಪೂರ್ವ. ಕುಲಪರಂಪರೆಯಿಂದ ಬರುವ ದೋಷಗಳ ಸಂಗತಿಯೇ ಹೆಚ್ಚು ವಿಚಾರಯೋಗ್ಯವಾದದ್ದು. ಹೃದಯದ ಮಾಂಸವು ಕಾರಣವಿಲ್ಲದೆ ದಪ್ಪವಾಗುವ ಒಂದು ರೋಗವು ಐದು ನೂರು ಜನರಲ್ಲಿ ಒಬ್ಬರಿಗೆ ಇರುವದೆಂದು ಪಾಶ್ಚಾತ್ಯ ವೈದ್ಯರು ಲೆಕ್ಕ ಹಾಕಿದ್ದಾರೆ. ಬಹುಮಂದಿಗೆ ಅದರಿಂದ ಯಾವ ತೊಂದರೆಯೂ ಇರದು. ಕೆಲವರಿಗೆ ಮೊದಲ ಲಕ್ಷಣವೇ ಮರಣವಾಗುವದು. ತಂದೆ ಅಥವಾ ತಾಯಿಗೆ ಈ ದೋಷವಿದ್ದರೆ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವವು ಸರಿಸುಮಾರು ಅರ್ಧಕ್ಕರ್ಧ. ಭಾರತೀಯರ ವಿಷಯವಾಗಿ ಒಂದು ವಿಶೇಷ ಸಂಗತಿಯೂ ಉಂಟು. ೨೦೦೯ನೆಯ ಇಸವಿಯಲ್ಲಿ ಹೈದರಾಬಾದಿನ ಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದ ತಂಗರಾಜರೇ ಮೊದಲಾದ ವಿದ್ವಾಂಸರು, ಹೃದಯದ ಮಾಂಸವನ್ನು ಕಟ್ಟುವ ಒಂದು ವಂಶಬೀಜದಲ್ಲಿ ೨೫ ಅಕ್ಷರಗಳಷ್ಟು ಭಾಗವು ಲೋಪವಾಗಿರುವದನ್ನು ಪ್ರಕಟಿಸಿದರು. ಈ ಲೋಪವು ದಕ್ಷಿಣ ಏಶಿಯದ ಜನರಲ್ಲಿ ನೂರಕ್ಕೆ ನಾಲ್ವರಲ್ಲಿ ಕಂಡುಬರುವದು. ಇದ್ದವರೆಲ್ಲರೂ ರೋಗಿಗಳಾಗುವರೆಂದು ಇದರ ಅರ್ಥವಲ್ಲ. ಹೃದಯವು ದುರ್ಬಲವಾಗುವ ಸಂಭವವು ಅಂಥವರಲ್ಲಿ ಹೆಚ್ಚು. ರಕ್ತನಾಳಗಳ ರೋಗದಲ್ಲಿಯೂ ಈ ಭೂಭಾಗದವರು ಹಿಂದೆ ಬಿದ್ದವರಲ್ಲ. ೫೨ ದೇಶಗಳ ರೋಗಿಗಳನ್ನು ಪರೀಕ್ಷಿಸಿದ ಒಂದು ದೊಡ್ಡ ಅಧ್ಯಯನದಲ್ಲಿ ಮೊದಲನೆಯ ಹೃದಯಾಘಾತದ ವಯಸ್ಸು ದಕ್ಷಿಣ ಏಶಿಯದವರಿಗೆ ಸರಾಸರಿ ೫೩ ಆಗಿದ್ದರೆ, ಉಳಿದ ದೇಶಗಳವರಿಗೆ ಸುಮಾರು ೫೯ ಆಗಿತ್ತು.

ಮಾಂಸವು ನಿರ್ದೋಷವಾಗಿದ್ದು ವಿದ್ಯುತ್ತಿನಲ್ಲಿ ಮಾತ್ರ ದೋಷವಿರುವದೂ ಉಂಟು. ಸತ್ತ ಮೇಲೆ ಹೃದಯವನ್ನು ಸೀಳಿ ನೋಡಿದರೂ ಇದು ಕಾಣಿಸದು. ೧೯೫೭ನೆಯ ಇಸವಿಯಲ್ಲಿ ನಾರ್ವೆ ದೇಶದ ಯೆರ್ವೆಲ್ ಮತ್ತು ಲಾಂಗೆ-ನೀಲ್ಸೆನ್ ಎಂಬ ವೈದ್ಯರು ಒಂದು ಸಂಸಾರದ ವೃತ್ತಾಂತವನ್ನು ಬರೆದಿಟ್ಟರು. ಆರು ಮಕ್ಕಳಲ್ಲಿ ನಾಲ್ವರು ಹುಟ್ಟುಕಿವುಡರು. ಆ ನಾಲ್ವರೂ ಆಗಾಗ ಮೂರ್ಛೆ ಹೋಗುತ್ತಿದ್ದರು. ಅವರಲ್ಲಿ ಮೂವರು ೪, ೫ ಮತ್ತು ೯ನೆಯ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡರು. ತಂದೆ ತಾಯಿಗಳಿಬ್ಬರಿಂದಲೂ ಒಂದೊಂದು ದೋಷಬೀಜವು ಕೂಡಿಬಂದಾಗ ಮಾತ್ರ ಈ ಕಿವುಡುತನ ಸಹಿತವಾದ ರೋಗವು ತೋರುವದು. ಕನ್ನಡ ನಾಡಿನಲ್ಲಿ ಸೋದರಮಾವನಿಗೆ ಹೆಣ್ಣು ಕೊಡುವ, ಸೋದರತ್ತೆಯ ಮಗಳನ್ನು ತರುವ ರೂಢಿಯು ಇನ್ನೂ ಅಳಿದಿಲ್ಲ. ಆಸ್ತಿ ಹೊರಗೆ ಹೋಗಬಾರದೆಂಬುದು ಅದರ ಮೂಲ. ವಂಶಬೀಜದ ದೋಷವೂ ಹೊರಗೆ ಹೋಗದೆ ಮನೆಯಲ್ಲಿಯೇ ಕೂಡಿಬೀಳುವದೆಂಬುದನ್ನು ಹಿರಿಯರು ಲೆಕ್ಕಿಸಿರಲಿಲ್ಲ. ಆದುದರಿಂದ ಹುಟ್ಟುಕಿವುಡಾದ ಮಗುವು ಮೂರ್ಛೆ ಹೋಗುತ್ತಿದ್ದರೆ ಒಮ್ಮೆಯಾದರೂ ಇ.ಸಿ.ಜಿ. ತೆಗೆಸದೆ ಬಿಡಕೂಡದು. ಕಿವುಡಿಲ್ಲದವರಲ್ಲಿಯೂ ಓಡುವಾಗ, ಈಜುವಾಗ, ಪಟಾಕಿಯ ಇಲ್ಲವೆ ಗಡಿಯಾರದ ಹಠಾತ್ ಸದ್ದಿಗೆ ಎಚ್ಚರ ತಪ್ಪುವದು ಇದೇ ವರ್ಗದ ರೋಗಗಳ ಸೂಚನೆ. ಇವುಗಳನ್ನು ಅಪಸ್ಮಾರವೆಂದು ತಿಳಿದು ವರ್ಷಗಟ್ಟಲೆ ಆ ಮದ್ದನ್ನೇ ಕೊಡುತ್ತ ಬಂದ ಉದಾಹರಣೆಗಳು ಎಲ್ಲ ದೇಶಗಳಲ್ಲಿಯೂ ಇವೆ. ದೆವ್ವದ ಬಾಧೆಯೆಂದು ಬೇವಿನ ಸೊಪ್ಪಿನಿಂದ ಹೊಡೆಯಿಸಿದವರ ಸಂಖ್ಯೆಯನ್ನು ಯಾರೂ ಬರೆದಿಟ್ಟಿಲ್ಲ.

ಇನ್ನು ಲೋಕವಾರ್ತೆಯ ವಿಚಾರ. ೨೦೨೧ನೆಯ ಇಸವಿಯ ಅಕ್ಟೋಬರ ೨೯ರಂದು ಚಿತ್ರನಟ ಪುನೀತ ರಾಜಕುಮಾರರು ತಮ್ಮ ೪೬ನೆಯ ವಯಸ್ಸಿನಲ್ಲಿ ಬೆಂಗಳೂರಲ್ಲಿ ಹಠಾತ್ತಾಗಿ ನಿಧನ ಹೊಂದಿದಾಗ ಕನ್ನಡಿಗರ ಮನೆಮನೆಯಲ್ಲಿಯೂ ಒಲೆ ಹೊತ್ತದಂತಾಯಿತು. ಅವರ ನೇತ್ರದಾನದಿಂದ ನಾಲ್ವರಿಗೆ ದೃಷ್ಟಿ ಬಂದುದೂ ಎಲ್ಲರಿಗೂ ವಿದಿತವೇ. ನಿತ್ಯವೂ ವ್ಯಾಯಾಮ ಮಾಡುವ ದೃಢಕಾಯನೇ ಹೋದ ಮೇಲೆ ಉಳಿದವರ ಪಾಡೇನೆಂದು ಅಂಜಿದ ತರುಣರು ಹೃದ್ರೋಗ ಚಿಕಿತ್ಸಾಲಯಗಳ ಬಾಗಿಲಲ್ಲಿ ಸಾಲುಗಟ್ಟಿದರು. ಮುಂದೆ ೨೦೨೫ನೆಯ ಇಸವಿಯ ಮೇ ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಲ್ಲಿ ಸುಮಾರು ನಲವತ್ತು ದಿನಗಳೊಳಗೆ ಇಪ್ಪತ್ತಕ್ಕೆ ಮೇಲ್ಪಟ್ಟು ಜನರು, ಅವರಲ್ಲಿ ಅನೇಕರು ಚಿಕ್ಕ ವಯಸ್ಸಿನವರು, ಹೀಗೆಯೇ ಸತ್ತರೆಂಬ ಸುದ್ದಿಯು ಹಬ್ಬಿ, ಮೈಸೂರು ಬೆಂಗಳೂರುಗಳ ಜಯದೇವ ಆಸ್ಪತ್ರೆಗಳಲ್ಲಿ ಕಾಲಿಡಲು ಸ್ಥಳವಿಲ್ಲದಾಯಿತು. ಸರಕಾರವು ಆ ಸಂಸ್ಥೆಯ ನಿರ್ದೇಶಕರಾದ ಡಾಕ್ಟರ್ ರವೀಂದ್ರನಾಥರ ನೇತೃತ್ವದಲ್ಲಿ ಸಮಿತಿಯನ್ನು ನೇಮಿಸಿ ವಿಚಾರ ಮಾಡಿಸಿತು. ಆ ಜಿಲ್ಲೆಯಲ್ಲಿ ಅಂಥ ಮರಣಗಳು ಅಸಾಧಾರಣವಾಗಿ ಹೆಚ್ಚಿದವೆಂದು ಹೇಳಲು ಆಧಾರವಿಲ್ಲವೆಂದು ಸಮಿತಿಯು ತಿಳಿಸಿತು. ಜನರಿಗೆ ಈ ಮಾತು ರುಚಿಸಲಿಲ್ಲ. ಭಯಕ್ಕೆ ಒಂದು ಹೆಸರು ಬೇಕಾಗಿತ್ತು. ಕೋವಿಡ್ ಲಸಿಕೆಯೇ ಆ ಹೆಸರಾಯಿತು.

ಈ ಸಂಶಯವನ್ನು ಅಪಹಾಸ್ಯ ಮಾಡತಕ್ಕದ್ದಲ್ಲ. ಮಕ್ಕಳನ್ನು ಕಳೆದುಕೊಂಡವರು ಕಾರಣವನ್ನು ಕೇಳುವದು ನ್ಯಾಯವೇ ಆಗಿದೆ. ಆದರೆ ಕೇಳಿದ ಪ್ರಶ್ನೆಗೆ ಉತ್ತರವನ್ನೂ ಕೇಳಿಸಿಕೊಳ್ಳಬೇಕು. ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತು ೪೭ ಆಸ್ಪತ್ರೆಗಳ ನೆರವಿನಿಂದ, ೧೮ರಿಂದ ೪೫ ವರ್ಷದೊಳಗೆ ಕಾರಣ ತಿಳಿಯದೆ ಹಠಾತ್ತಾಗಿ ಸತ್ತ ೭೨೯ ಜನರ ವೃತ್ತಾಂತವನ್ನು, ಅದೇ ವಯಸ್ಸಿನ ಅದೇ ನೆರೆಹೊರೆಯ ೨೯೧೬ ಜೀವಂತರ ವೃತ್ತಾಂತದೊಡನೆ ತೂಗಿ ನೋಡಿ, ೨೦೨೩ರಲ್ಲಿ ಫಲವನ್ನು ಪ್ರಕಟಿಸಿತು. ಲಸಿಕೆಯಿಂದ ಮರಣದ ಸಂಭವವು ಹೆಚ್ಚಿದ್ದು ಕಂಡುಬರಲಿಲ್ಲ. ಎರಡು ಸಲ ಹಾಕಿಸಿಕೊಂಡವರಲ್ಲಿ ಅದು ಕಡಿಮೆಯೇ ಆಗಿತ್ತು. ಸಂಭವವನ್ನು ಹೆಚ್ಚಿಸಿದವುಗಳೆಂದರೆ, ಕೋವಿಡ್ ರೋಗದಿಂದಲೇ ಹಿಂದೆ ಆಸ್ಪತ್ರೆ ಸೇರಿದ್ದುದು, ಮನೆತನದಲ್ಲಿ ಇಂಥದೇ ಹಠಾನ್ಮರಣವು ಹಿಂದೆ ನಡೆದಿದ್ದುದು, ಸಾವಿಗೆ ಮುಂಚಿನ ೪೮ ಗಂಟೆಗಳಲ್ಲಿ ಮಿತಿಮೀರಿ ಮದ್ಯಪಾನ ಮಾಡಿದುದು, ಮಾದಕ ಪದಾರ್ಥ ಸೇವಿಸಿದುದು, ಇಲ್ಲವೆ ಅತಿಶ್ರಮದ ವ್ಯಾಯಾಮ ಮಾಡಿದುದು. ವ್ಯಾಯಾಮದ ಹೆಸರು ಕೇಳಿ ಸೋಮಾರಿಗಳು ಸಂತೋಷಪಡುವ ಕಾರಣವಿಲ್ಲ. ನಿತ್ಯದ ಮಿತವಾದ ವ್ಯಾಯಾಮವು ಹೃದಯವನ್ನು ಕಾಯುವದೆಂಬುದರಲ್ಲಿ ವೈದ್ಯರಿಗೆ ಭಿನ್ನಾಭಿಪ್ರಾಯವಿಲ್ಲ; ರೂಢಿಯಿಲ್ಲದವನು ಒಮ್ಮೆಲೆ ಮೈಮುರಿಯುವದು ಅಪಾಯ. ಆಯುರ್ವೇದದ ಆಚಾರ್ಯರು ಬಲದ ಅರ್ಧದಷ್ಟನ್ನೇ ವ್ಯಾಯಾಮಕ್ಕೆ ವೆಚ್ಚ ಮಾಡಬೇಕೆಂದೂ, ಹಣೆ ಕಂಕುಳುಗಳಲ್ಲಿ ಬೆವರು ಮೂಡಿದಾಗ ನಿಲ್ಲಿಸಬೇಕೆಂದೂ ಹೇಳಿರುವದನ್ನು ಪಾಠಶಾಲೆಯ ವಿದ್ಯಾರ್ಥಿಗಳು ಬಲ್ಲರು. ಅದನ್ನು ಹೇಳಿದವರು ಇ.ಸಿ.ಜಿ. ಕಂಡವರಲ್ಲ, ಆದರೆ ಮನುಷ್ಯನ ಸ್ವಭಾವವನ್ನು ಕಂಡವರು.

ಹಾಗಾದರೆ ತರುಣರೆಲ್ಲರನ್ನೂ ಪರೀಕ್ಷಿಸಿಬಿಟ್ಟರೆ ಸಾಲದೇ ಎಂಬ ಪ್ರಶ್ನೆ ಬರುವದು. ಇಟಲಿ ದೇಶವು ೧೯೮೨ರಿಂದ ಆಟಗಾರರೆಲ್ಲರಿಗೂ ಇ.ಸಿ.ಜಿ. ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಅಲ್ಲಿಯ ವೆನೆತೊ ಪ್ರಾಂತದಲ್ಲಿ ತರುಣ ಆಟಗಾರರ ಹಠಾನ್ಮರಣವು ವರ್ಷಕ್ಕೆ ಲಕ್ಷಕ್ಕೆ ೩.೬ ಇದ್ದುದು ಇಪ್ಪತ್ತೈದು ವರ್ಷಗಳಲ್ಲಿ ೦.೪ಕ್ಕೆ ಇಳಿಯಿತು. ಇಸ್ರೇಲ್ ದೇಶವು ಅಂಥದೇ ಕಾಯಿದೆ ಮಾಡಿದಾಗ ಆ ಫಲವು ಕಂಡುಬರಲಿಲ್ಲ. ವಿದ್ವಾಂಸರಲ್ಲಿ ಈ ವಾದವು ಇನ್ನೂ ತೀರಿಲ್ಲ. ಅದನ್ನು ಇಲ್ಲಿ ಬೆಳೆಸುವದು ಅನವಶ್ಯಕ. ಎಷ್ಟು ಪರೀಕ್ಷಿಸಿದರೂ ಕೆಲವರು ಬೀಳುವರೆಂಬುದಂತೂ ನಿಶ್ಚಯ. ಬಿದ್ದಾಗ ಏನು ಮಾಡಬೇಕು?

ಇಲ್ಲಿಂದ ಮುಂದಿನ ಮಾತುಗಳನ್ನು ಭಕ್ತಾದಿಗಳು ವಿಶೇಷ ಲಕ್ಷ್ಯಕೊಟ್ಟು ಕೇಳಬೇಕು. ಸ್ತಂಭನವಾದ ಮೇಲೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಸಂಭವವು ನೂರರಲ್ಲಿ ಏಳರಿಂದ ಹತ್ತರಷ್ಟು ಕುಗ್ಗುತ್ತ ಹೋಗುವದು. ೧೦೮ಕ್ಕೆ ಕರೆ ಮಾಡುವದು ಅತ್ಯವಶ್ಯ. ಆದರೆ ಎಷ್ಟೇ ವೇಗದಿಂದ ಓಡಿದರೂ ಆ ಗಾಡಿಯು ಹಳ್ಳಿಯ ಓಣಿಗೆ ನಾಲ್ಕೈದು ನಿಮಿಷಗಳಲ್ಲಿ ಬರಲಾರದು. ಆದುದರಿಂದ ಮೊದಲನೆಯ ವೈದ್ಯನೆಂದರೆ ಪಕ್ಕದಲ್ಲಿ ನಿಂತವನೇ. ಅಮೇರಿಕೆಯ ಜೂಜುಮನೆಗಳ ಕಾವಲುಗಾರರಿಗೆ ವಿದ್ಯುದ್ಯಂತ್ರವನ್ನು ಬಳಸುವದನ್ನು ಕಲಿಸಿದಾಗ, ಮೂರು ನಿಮಿಷಗಳೊಳಗೆ ವಿದ್ಯುತ್ ಕೊಡಲ್ಪಟ್ಟವರಲ್ಲಿ ನೂರಕ್ಕೆ ೭೪ ಜನರು ಬದುಕಿದರು. ತಡವಾದವರಲ್ಲಿ ೪೯ ಜನರು. ಜೂಜುಮನೆಯಲ್ಲಿ ಆಗುವದು ಧರ್ಮಮಂದಿರದಲ್ಲಿ ಆಗಬಾರದೆಂಬ ಶಾಸ್ತ್ರವೆಲ್ಲಿಯೂ ಇಲ್ಲ.

ಎದೆಯನ್ನು ಹೊರಗಿನಿಂದ ಒತ್ತಿ ರಕ್ತವನ್ನು ನಡೆಯಿಸಬಹುದೆಂದು ೧೯೬೦ರಲ್ಲಿ ಬಾಲ್ಟಿಮೋರ್ ನಗರದ ಕೌವೆನ್‌ಹೋವೆನ್, ಜೂಡ್, ನಿಕ್ಕರ್‌ಬಾಕರ್ ಎಂಬ ಮೂವರು ಲೋಕಕ್ಕೆ ತಿಳಿಸಿದರು. ಇವರಲ್ಲಿ ಮೊದಲನೆಯವನು ವೈದ್ಯನೇ ಅಲ್ಲ, ವಿದ್ಯುತ್ತಿನ ಇಂಜಿನೀಯರನು. ಅದಕ್ಕೂ ಮುಂಚೆ, ೧೯೪೭ರಲ್ಲಿ ಕ್ಲಾಡ್ ಬೆಕ್ ಎಂಬ ಶಸ್ತ್ರವೈದ್ಯನು ೧೪ ವರ್ಷದ ಹುಡುಗನ ತೆರೆದ ಎದೆಯೊಳಗೆ ಕೈಯಿಂದ ಹೃದಯವನ್ನು ಹಿಸುಕಿ, ವಿದ್ಯುತ್ ಕೊಟ್ಟು ಬದುಕಿಸಿದ್ದನು. ಬಾಲ್ಟಿಮೋರಿನ ಮೂವರು ತೋರಿಸಿದ್ದೇನೆಂದರೆ ಎದೆ ಸೀಳುವ ಕಾರಣವಿಲ್ಲ, ಎರಡು ಕೈಗಳಿದ್ದರೆ ಸಾಕು ಎಂಬುದು.

ಆ ಕೈಗಳ ಬೆಲೆಯನ್ನು ಎರಡು ಚಂಡಾಟಗಳ ಪ್ರಸಂಗದಿಂದ ಅರಿಯಬಹುದು. ೨೦೦೩ರ ಜೂನ್ ೨೬ರಂದು ಫ್ರಾನ್ಸಿನ ಲಿಯೋನ್ ನಗರದಲ್ಲಿ ಕೆಮರೂನ್ ದೇಶದ ೨೮ ವರ್ಷದ ಮಾರ್ಕ್ ವಿವಿಯನ್ ಫೋ ಮೈದಾನದ ನಡುವೆ ಬಿದ್ದನು. ಸಮೀಪದಲ್ಲಿ ಯಾರೂ ಇರಲಿಲ್ಲ, ಯಾರೂ ಅವನನ್ನು ಡಿಕ್ಕಿ ಹೊಡೆದಿರಲಿಲ್ಲ. ಅವನು ಬದುಕಲಿಲ್ಲ, ಹೃದಯದ ಮಾಂಸವು ದಪ್ಪವಾಗುವ ಮೇಲೆ ಹೇಳಿದ ರೋಗವು ಅವನಲ್ಲಿತ್ತೆಂದು ಸತ್ತ ಮೇಲೆ ತಿಳಿಯಿತು. ೨೦೨೧ರ ಜೂನ್ ೧೨ರಂದು ಕೋಪನ್‌ಹೇಗನ್ನಿನಲ್ಲಿ ಡೆನ್ಮಾರ್ಕಿನ ೨೯ ವರ್ಷದ ಕ್ರಿಶ್ಚಿಯನ್ ಎರಿಕ್ಸನ್ ಅದೇ ಪ್ರಕಾರವಾಗಿ ಬಿದ್ದನು. ಸಂಗಡಿಗರು ಕೂಡಲೆ ಬಳಿಗೆ ಓಡಿದರು, ವೈದ್ಯರು ಎದೆಯನ್ನೊತ್ತಿದರು, ಯಂತ್ರವು ಮೈದಾನದಲ್ಲಿಯೇ ಇತ್ತು. ಉಳಿದ ಆಟಗಾರರು ಸುತ್ತಲೂ ಗೋಡೆಯಂತೆ, ಬೆನ್ನು ಒಳಗೆ ಮಾಡಿ ಹೊರಗೆ ಮುಖ ಮಾಡಿ ನಿಂತರು. ಕನ್ನಡ ನಾಡಿನ ಜಾತ್ರೆಗಳಲ್ಲಿ ಜನರು ನಿಲ್ಲುವ ರೀತಿಗೆ ಇದು ತದ್ವಿರುದ್ಧ. ಇಲ್ಲಿ ಎಲ್ಲರ ಮುಖವೂ ಒಳಗೇ ಇರುವದು, ಇತ್ತೀಚೆಗೆ ಕೈಯಲ್ಲೊಂದು ಮೊಬೈಲೂ ಇರುವದು. ಎರಿಕ್ಸನ್ ಎದೆಯೊಳಗೆ ಒಂದು ರಕ್ಷಾಯಂತ್ರವನ್ನು ಕೂಡಿಸಿಕೊಂಡು ಪುನಃ ಆಡಿದನು. ೨೦೨೪ರ ಜೂನ್ ೧೬ರಂದು ಯುರೋಪಿನ ಅದೇ ಪಂದ್ಯಾವಳಿಯಲ್ಲಿ ಗೋಲು ಹೊಡೆದನು.

ಬಿದ್ದವನನ್ನು ಗುರುತಿಸುವ ಬಗೆ ಹೀಗೆ. ಭುಜ ಅಲುಗಿಸಿ ಕೂಗಿದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಸ್ತಂಭನವೆಂದೇ ತಿಳಿಯಬೇಕು. ಮೊದಲ ಕೆಲ ನಿಮಿಷ ಮೀನು ಬಾಯಿ ತೆರೆದಂತೆ ಅಪರೂಪಕ್ಕೊಮ್ಮೆ ಗೊರಗೊರನೆ ಏದುವದುಂಟು. ಅದನ್ನು ಕಂಡು “ಜೀವ ಇದೆ, ಉಸಿರಾಡುತ್ತಾನೆ” ಎಂದು ಕೈಕಟ್ಟಿ ಕುಳಿತದ್ದರಿಂದ ಹೋದ ಜೀವಗಳೆಷ್ಟೋ. ಅದು ಉಸಿರಲ್ಲ. ಕೈಕಾಲು ಸ್ವಲ್ಪ ಹೊತ್ತು ಸೆಳೆಯುವದೂ ಉಂಟು; ಆಗ ಮೂರ್ಛೆರೋಗವೆಂದು ಕೀಲಿಕೈ ತರಲು ಓಡುವರು. ಬಾಯಿಗೆ ನೀರು ಹಾಕುವದು, ತೀರ್ಥ ಹಾಕುವದು, ಎತ್ತಿ ಕೂಡ್ರಿಸುವದು ಇವಾವವೂ ಕೂಡದು. ಗಟ್ಟಿನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಟ್ಟನಡುವೆ ಎಲುಬಿನ ಮೇಲೆ ಒಂದು ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಇನ್ನೊಂದು ಕೈಯನ್ನಿಟ್ಟು, ಮೊಳಕೈ ಮಡಿಸದೆ, ಎರಡು ಅಂಗುಲ ಆಳಕ್ಕೆ ಇಳಿಯುವಂತೆ, ನಿಮಿಷಕ್ಕೆ ೧೦೦ರಿಂದ ೧೨೦ರ ವರೆಗೆ ಒತ್ತಬೇಕು. ಪ್ರತಿ ಸಲವೂ ಎದೆಯು ಪೂರ್ಣ ಮೇಲೇಳಲು ಬಿಡಬೇಕು. ಪಕ್ಕೆಲುಬು ಮುರಿದ ಸದ್ದಾದರೂ ನಿಲ್ಲಿಸಬಾರದು. ಎಲುಬು ಕೂಡುವದು, ಹೋದ ಜೀವವು ಬರುವದಿಲ್ಲ. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು, ಏಕೆಂದರೆ ಇದು ಒನಕೆ ಕುಟ್ಟುವಷ್ಟೇ ಶ್ರಮದ ಕೆಲಸ.

ಇನ್ನು ಲಿಂಗವಂತರಿಗೆ ಮಾತ್ರ ಹುಟ್ಟಬಹುದಾದ ಕೆಲವು ಸಂದೇಹಗಳು. ಕೈಯಿಡತಕ್ಕ ಸ್ಥಳವು ಸರಿಯಾಗಿ ಇಷ್ಟಲಿಂಗವು ವಿರಾಜಿಸುವ ಸ್ಥಳವೇ ಆಗಿರುವದು. ಅಂಗದಿಂದ ಲಿಂಗವು ಅಗಲಬಾರದೆಂಬ ನಿಯಮವನ್ನು ನೆನೆದು, ಕರಡಿಗೆಯನ್ನು ಮುಟ್ಟಲು ಅಂಜಿ, ಸಮೀಪದವರು ಹಿಂದೆಗೆಯುವ ಸಂಭವವುಂಟು. ಅಂಜುವ ಕಾರಣವಿಲ್ಲ. ಶಿವದಾರವನ್ನು ಕತ್ತರಿಸಬೇಕಾದುದಿಲ್ಲ, ಕೊರಳಿಂದ ತೆಗೆಯಬೇಕಾದುದೂ ಇಲ್ಲ. ಕರಡಿಗೆಯನ್ನು ಭಕ್ತಿಯಿಂದ ಮೇಲಕ್ಕೆ ಸರಿಸಿ ಕುತ್ತಿಗೆಯ ಪಕ್ಕಕ್ಕೆ ಇರಿಸಿದರೆ ಲಿಂಗವು ಅಂಗದ ಮೇಲೆಯೇ ಇದ್ದಂತಾಯಿತು. ವಿದ್ಯುದ್ಯಂತ್ರದ ಪಟ್ಟಿಗಳಲ್ಲಿ ಒಂದನ್ನು ಬಲಗಡೆಯ ಕೊರಳೆಲುಬಿನ ಕೆಳಗೆ, ಇನ್ನೊಂದನ್ನು ಎಡಗಂಕುಳ ಕೆಳಗಿನ ಪಕ್ಕೆಗೆ ಅಂಟಿಸಬೇಕಾಗಿರುವದು. ಬೆಳ್ಳಿಯ ಕರಡಿಗೆಯಾಗಲಿ ಸರವಾಗಲಿ ಆ ಪಟ್ಟಿಗಳ ಅಡಿಯಲ್ಲಿ ಸಿಲುಕಬಾರದು, ನಾಲ್ಕು ಬೆರಳು ದೂರವಿದ್ದರೆ ಸಾಕು. ಎದೆಯ ಮೇಲೆ ವಿಭೂತಿಯನ್ನು ಧರಿಸಿದ್ದರೆ ಬೆವರಿನ ಸಂಗಡ ಆ ಸ್ಥಳವನ್ನಷ್ಟೇ ಒರೆಸಬೇಕು, ಇಲ್ಲವಾದರೆ ಪಟ್ಟಿ ಹತ್ತುವದಿಲ್ಲ. ಹಣೆಯ ವಿಭೂತಿಯು ಇದ್ದಲ್ಲಿಯೇ ಇರಲಿ. ಯಂತ್ರಕ್ಕೆ ಹೆದರಬೇಕಾದುದಿಲ್ಲ, ಅದು ಹೃದಯದ ಗತಿಯನ್ನು ತಾನೇ ನೋಡಿ, ಅವಶ್ಯವಿದ್ದರೆ ಮಾತ್ರ ವಿದ್ಯುತ್ ಕೊಡುವದು.

ಸತ್ತವನನ್ನೋ ಸಾಯುತ್ತಿರುವವನನ್ನೋ ಮುಟ್ಟಿದರೆ ಮೈಲಿಗೆಯೆಂಬ ಹಿಂಜರಿಕೆಯು ಬೇರೆಯವರಿಗೆ ಇದ್ದೀತು. ಪಂಚಸೂತಕಗಳನ್ನು ಅಲ್ಲಗಳೆದ ಧರ್ಮದಲ್ಲಿ ಹುಟ್ಟಿದವರು ಪ್ರೇತಸೂತಕಕ್ಕೆ ಅಂಜುವದು ಹೇಗೆ? ಎಂಜಲಿನ ಸೂತಕವೂ ಆ ಐದರಲ್ಲಿಯೇ ಸೇರಿರುವದು. ನೀರಿನಲ್ಲಿ ಮುಳುಗಿದವರಿಗೆ, ಚಿಕ್ಕ ಮಕ್ಕಳಿಗೆ ಎದೆಯೊತ್ತುವದರ ಸಂಗಡ ಬಾಯಿಯಿಂದ ಉಸಿರನ್ನೂ ಕೊಡಬೇಕಾಗುವದು. ದೊಡ್ಡವರಿಗೆ ಕಲಿಯದವರು ಬರಿಯ ಕೈಯಿಂದ ಒತ್ತಿದರೂ ಸಾಗುವದು. ಜಾತಿಸೂತಕದ ಮಾತನ್ನಂತೂ ಈ ವೇದಿಕೆಯಲ್ಲಿ ಎತ್ತುವದೇ ಲಜ್ಜಾಸ್ಪದ. ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಹೆಂಗಸರು ಸಾರ್ವಜನಿಕ ಸ್ಥಳದಲ್ಲಿ ಬಿದ್ದರೆ ಎದೆಗೆ ಕೈಹಾಕಲು ಗಂಡಸರು ನಾಚುವರೆಂಬುದೂ, ಅದರಿಂದ ಅವರಿಗೆ ಈ ಸಹಾಯವು ಕಡಿಮೆ ದೊರೆಯುವದೆಂಬುದೂ ಮುಂದುವರಿದ ದೇಶಗಳಲ್ಲಿಯೇ ಕಂಡುಬಂದಿದೆ. ಇಲ್ಲಿ ಕೇಳಬೇಕೆ? ಆದುದರಿಂದ ಈ ವಿದ್ಯೆಯನ್ನು ಕಲಿಸುವಾಗ ಅಕ್ಕನ ಬಳಗದವರನ್ನೂ ಉಚಿತ ಪ್ರಸಾದನಿಲಯದ ಹೆಣ್ಣು ಮಕ್ಕಳನ್ನೂ ಮೊದಲು ಕೂಡ್ರಿಸುವದು ಲೇಸು.

ರಥೋತ್ಸವದ ದಿನ ಮಠದ ಬಯಲಲ್ಲಿ ನೆರೆಯುವ ಜನಸಂದಣಿಯನ್ನು ಎಲ್ಲರೂ ಬಲ್ಲರು. ಬಿಸಿಲು, ಉಪವಾಸ, ಹಗ್ಗ ಹಿಡಿದೆಳೆಯುವ ಶ್ರಮ, ನೂಕುನುಗ್ಗಲು. ದಾಸೋಹಕ್ಕೆ ಎಷ್ಟು ಚೀಲ ಅಕ್ಕಿ ಬೇಕೆಂದು ತಿಂಗಳ ಮುಂಚೆ ಲೆಕ್ಕ ಹಾಕುವ ಸಮಿತಿಯವರು, ಎದೆಯೊತ್ತಲು ಬಲ್ಲ ಇಪ್ಪತ್ತು ತರುಣರನ್ನೂ ಒಂದು ಯಂತ್ರವನ್ನೂ ತೇರಿನ ಪಕ್ಕದಲ್ಲಿ ನಿಲ್ಲಿಸುವದನ್ನು ಅದೇ ಲೆಕ್ಕದಲ್ಲಿ ಸೇರಿಸಬಹುದಾಗಿದೆ. ಎದೆನೋವು ಬಂದವರನ್ನು ಪಿತ್ತವೆಂದು ಸೋಡಾ ಕುಡಿಸಿ ಮಲಗಿಸದೆ ತಾಲೂಕಾ ಆಸ್ಪತ್ರೆಗೆ ಒಯ್ಯುವದೂ ಅಗತ್ಯ. ಪುನೀತ ರಾಜಕುಮಾರರ ಹೆಸರಿನಿಂದಲೇ ನಡೆಯುವ ಹೃದಯಜ್ಯೋತಿ ಯೋಜನೆಯಲ್ಲಿ, ಅಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ದೊಡ್ಡ ಆಸ್ಪತ್ರೆಯ ವೈದ್ಯರು ನೋಡಿ, ಹೆಪ್ಪನ್ನು ಕರಗಿಸುವ ಟೆನೆಕ್ಟಿಪ್ಲೇಸ್ ಎಂಬ ಸೂಜಿಮದ್ದನ್ನು ಧರ್ಮಾರ್ಥವಾಗಿ ಕೊಡಿಸುವ ವ್ಯವಸ್ಥೆಯು ಏರ್ಪಟ್ಟಿದೆ.

ಎಲ್ಲ ಮಾಡಿದರೂ ಹೆಚ್ಚು ಜನರು ಬದುಕುವದಿಲ್ಲ. ಅಮೇರಿಕೆಯಲ್ಲಿಯೇ ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ಉಳಿದು ಮನೆಗೆ ಬರುವವರು ನೂರಕ್ಕೆ ಹತ್ತರ ಸುಮಾರು. ಒತ್ತಿದವನ ಕೈಯಲ್ಲಿ ಜೀವ ಹೋದರೆ ಅದು ಅವನ ದೋಷವಲ್ಲವೆಂದು ಮನೆಯವರೇ ಅವನಿಗೆ ಹೇಳತಕ್ಕದ್ದು. ಅನಂತರದ ಕರ್ತವ್ಯವೊಂದಿದೆ, ಅದನ್ನು ಜನರು ಹೆಚ್ಚಾಗಿ ಮಾಡುವದಿಲ್ಲ. ಶವಪರೀಕ್ಷೆಯೆಂದರೆ ಲಿಂಗವಂತರ ಮನೆಗಳಲ್ಲಿ ಬಹಳ ವಿರೋಧ. ದೇಹವನ್ನು ಪದ್ಮಾಸನದಲ್ಲಿ ಕೂಡ್ರಿಸಿ ಸಮಾಧಿ ಕೊಡಬೇಕಾದವರು ಅದನ್ನು ಕೊಯ್ಯಿಸಲು ಒಪ್ಪದಿರುವದು ಸಹಜವೇ. ಆದರೆ ಪರೀಕ್ಷೆಯಾದ ದೇಹವನ್ನೂ ಹೊಲಿದು ಕೊಡುವರು. ವಿಮಾನದಲ್ಲಿ ಕೂಡ್ರಿಸುವದಕ್ಕೂ ಕ್ರಿಯಾಸಮಾಧಿಗೂ ಅದರಿಂದ ಅಡ್ಡಿಯುಂಟಾಗುವದಿಲ್ಲ. ೨೦೨೫ರ ಜುಲೈದಲ್ಲಿ ರಾಜ್ಯ ಸರಕಾರವು ಇಂಥ ಹಠಾನ್ಮರಣಗಳನ್ನು ವರದಿ ಮಾಡತಕ್ಕವುಗಳೆಂದು ಸಾರಿದ್ದು ಕಾರಣ ತಿಳಿಯಲಿ ಎಂಬ ಉದ್ದೇಶದಿಂದಲೇ. ಕಾರಣ ತಿಳಿಯಬೇಕಾದುದು ಸತ್ತವನಿಗಾಗಿ ಅಲ್ಲ. ಅವನ ತಮ್ಮನಿದ್ದಾನೆ, ತಂಗಿಯಿದ್ದಾಳೆ, ತೊಟ್ಟಿಲಲ್ಲಿ ಮಗುವಿದೆ. ಐದು ನೂರರಲ್ಲಿ ಒಬ್ಬರಿಗಿರುವ ಆ ದೋಷವು ಇವರಲ್ಲಿ ಅರ್ಧದಷ್ಟು ಜನಕ್ಕೆ ಇರಬಹುದಾಗಿದೆ, ಇ.ಸಿ.ಜಿ.ಯಿಂದಲೂ ಎಕೋ ಎಂಬ ಶಬ್ದಪರೀಕ್ಷೆಯಿಂದಲೂ ಬಹುಮಟ್ಟಿಗೆ ಗೊತ್ತಾಗುವದು. ಗೊತ್ತಾದರೆ ಮದ್ದುಂಟು, ಎದೆಯೊಳಗೆ ಕೂಡಿಸುವ ರಕ್ಷಾಯಂತ್ರವೂ ಉಂಟು. ಶಿವಗಣಾರಾಧನೆಯ ದಿವಸ ಬೀಗರು ಬಿಜ್ಜರೆಲ್ಲ ಒಂದೆಡೆ ಕೂಡಿದಾಗ, ಪ್ರಸಾದವಾದ ಮೇಲೆ, ಮನೆಯ ಹಿರಿಯರು ಒಂದು ಕಾಗದ ತೆಗೆದುಕೊಂಡು, ಯಾರು ಯಾರು ಎಂದು ಪಟ್ಟಣಕ್ಕೆ ಹೋಗಿ ತೋರಿಸಿಕೊಂಡು ಬರತಕ್ಕದ್ದೆಂಬುದನ್ನು ಹೆಸರು ಹಿಡಿದು ಬರೆಯಿಸಬೇಕು.